ಆದೇಶ ಯಾರದು, ಅಂಕಿ ಯಾವಾಗಿನದು, ದವಾಖಾನೆ ಎಲ್ಲಿ

ತುಂಗಭದ್ರಾ ಅಣೆಕಟ್ಟಿನ ಎಡಬದಿಗೆ ನಮ್ಮ ಮುನಿರಾಬಾದ್, ಬಲಬದಿಗೆ ಹೊಸಪೇಟೆ. ನಮ್ಮೂರಿನ ಜನ ಬಟ್ಟೆಬರೆಗೆ, ಸಿನಿಮಾಕ್ಕೆ, ಡಾಕ್ಟರ ಹತ್ತಿರಕ್ಕೆ ಹೊಳೆ ದಾಟಿ ಹೋಗುವುದೇ ಹೆಚ್ಚು, ಹೊಸಪೇಟೆ ಹತ್ತಿರ. ಪಹಣಿ, ಪಡಿತರ ಚೀಟಿ, ಕೋರ್ಟು ಕಚೇರಿ ಅಂದರೆ ಕೊಪ್ಪಳ, ಅದು ದೂರ. ಹೊಳೆಯ ಆಚೆ ಜಿಲ್ಲೆಯೇ ಬೇರೆ. 2020ರಲ್ಲಿ ಆ ದಡ ಬಳ್ಳಾರಿ ಜಿಲ್ಲೆಗೆ ಸೇರಿತ್ತು, 2021ರಲ್ಲಿ ವಿಜಯನಗರ ಜಿಲ್ಲೆಯಾಯಿತು. ಮಾಮೂಲಿ ದಿನಗಳಲ್ಲಿ ಈ ಗಡಿ ಯಾರ ಲೆಕ್ಕಕ್ಕೂ ಇರುವುದಿಲ್ಲ. ಸಾಂಕ್ರಾಮಿಕ ರೋಗ ಬಂದಾಗ ಮಾತ್ರ ಅದು ಎದ್ದು ಕಾಣುತ್ತದೆ. ಯಾವ ಅಂಗಡಿ ಎಷ್ಟು ಹೊತ್ತಿಗೆ ಮುಚ್ಚಬೇಕು, ಯಾರನ್ನು ಯಾವ ದವಾಖಾನೆಗೆ ಸೇರಿಸಬೇಕು, ಯಾರ ಹೆಸರು ಯಾವ ಜಿಲ್ಲೆಯ ಪಟ್ಟಿಗೆ ಹೋಗಬೇಕು ಎಂಬುದೆಲ್ಲ ಆ ಗಡಿಯ ಮೇಲೆ ನಿಂತಿರುತ್ತದೆ.

ಪಂಚಾಯಿತಿಗೆ ಹೊಸದಾಗಿ ಆರಿಸಿ ಬಂದವರು, ಸ್ವಯಂಸೇವೆಗೆ ಮುಂದಾಗುವ ಕಾಲೇಜು ಹುಡುಗ ಹುಡುಗಿಯರು, ಕಾರ್ಖಾನೆ ಕೆಲಸಕ್ಕೋ ನೀರಾವರಿ ಇಲಾಖೆ ಕೆಲಸಕ್ಕೋ ಈಗಷ್ಟೇ ಇಲ್ಲಿಗೆ ಬಂದು ಮನೆ ಮಾಡಿದವರು ಈ ಬರಹದ ಓದುಗರು. ಸರ್ಕಾರ ಕೊಡುವ ಆರೋಗ್ಯ ಮಾಹಿತಿಯನ್ನು ಓದಲು ಯಾವ ಪದವಿಯೂ ಬೇಕಿಲ್ಲ. ಆದರೆ ಕೆಲವು ಪ್ರಶ್ನೆ ಕೇಳುವ ರೂಢಿ ಬೇಕು, ಮೊದಲನೆಯದು: ಈ ಮಾತು ಯಾರದು?

ನಮ್ಮ ಹಿರಿಯರ ಕಾಲದಲ್ಲಿ ಈ ಪ್ರಶ್ನೆಗೆ ಜಾಗವಿರಲಿಲ್ಲ. ಪ್ಲೇಗಿನ ದಿನಗಳಲ್ಲಿ ಮನೆಯೊಳಗೆ ಇಲಿ ಸತ್ತು ಬಿದ್ದರೆ ಅದೇ ಸುದ್ದಿ, ಅದೇ ಆದೇಶ. ಜನ ಊರು ಖಾಲಿ ಮಾಡಿ ಹೊಲದಲ್ಲಿ ಗುಡಿಸಲು ಹಾಕಿಕೊಳ್ಳುತ್ತಿದ್ದರು. 1896ರಲ್ಲಿ ಮುಂಬೈಗೆ ಪ್ಲೇಗ್ ಬಂದ ಮೇಲೆ ಬ್ರಿಟಿಷ್ ಸರ್ಕಾರ 1897ರಲ್ಲಿ ಸಾಂಕ್ರಾಮಿಕ ರೋಗಗಳ ಕಾಯ್ದೆ ತಂದಿತು. ಆಗ ನಮ್ಮ ಸೀಮೆ ಹೈದರಾಬಾದ್ ನಿಜಾಮರ ಕೈಕೆಳಗಿತ್ತು. 2020ರಲ್ಲಿ ಕೋವಿಡ್ ಬಂದಾಗ ದೇಶ ಮತ್ತೆ ಕೈಗೆತ್ತಿಕೊಂಡದ್ದು ಆ ಹಳೆಯ ಕಾಯ್ದೆಯನ್ನೇ, ಜೊತೆಗೆ 2005ರ ವಿಪತ್ತು ನಿರ್ವಹಣಾ ಕಾಯ್ದೆಯನ್ನು. ಕರ್ನಾಟಕ ತನ್ನದೇ ಸಾಂಕ್ರಾಮಿಕ ರೋಗಗಳ ಕಾಯ್ದೆಯನ್ನೂ ಅದೇ ವರ್ಷ ಮಾಡಿಕೊಂಡಿತು.

ಹೊಸಬರು ಇದರಲ್ಲಿ ನೆನಪಿಡಬೇಕಾದದ್ದು ಅಧಿಕಾರ ಇಳಿದು ಬರುವ ದಾರಿಯನ್ನು. ದೆಹಲಿಯಲ್ಲಿ ಕೇಂದ್ರ ಗೃಹ ಇಲಾಖೆ ಮಾರ್ಗಸೂಚಿ ಹೊರಡಿಸುತ್ತದೆ. ರಾಜ್ಯ ಸರ್ಕಾರ ಅದನ್ನು ಬಿಗಿ ಮಾಡಬಹುದು, ಸಡಿಲ ಮಾಡುವಂತಿಲ್ಲ ಎಂಬುದು ಲಾಕ್‌ಡೌನ್ ಕಾಲದ ನಿಯಮವಾಗಿತ್ತು. ಜಿಲ್ಲೆಯಲ್ಲಿ ಜಿಲ್ಲಾಧಿಕಾರಿಯೇ ಜಿಲ್ಲಾ ವಿಪತ್ತು ನಿರ್ವಹಣಾ ಪ್ರಾಧಿಕಾರದ ಅಧ್ಯಕ್ಷರು, ಅವರ ಸಹಿಯ ಆದೇಶ ಆ ಜಿಲ್ಲೆಯ ಗಡಿಯೊಳಗೆ ಮಾತ್ರ ನಡೆಯುತ್ತದೆ. ರೋಗದ ವಿಷಯ ನೋಡಿಕೊಳ್ಳುವವರು ಜಿಲ್ಲಾ ಆರೋಗ್ಯಾಧಿಕಾರಿ, ಅವರ ಕೆಳಗೆ ತಾಲ್ಲೂಕು ಆರೋಗ್ಯಾಧಿಕಾರಿ. ಕಂದಾಯದ ಕಡೆಯಿಂದ ತಹಶೀಲ್ದಾರರು. ಊರಿನಲ್ಲಿ ಪಂಚಾಯಿತಿ ಅಧ್ಯಕ್ಷರು, ಪಿಡಿಒ, ಆಶಾ, ಅಂಗನವಾಡಿ ಕಾರ್ಯಕರ್ತೆ ಇವರೆಲ್ಲ ಸೇರಿದ ಕಾರ್ಯಪಡೆ.

ಹೀಗಾಗಿ ಮೊಬೈಲಿಗೆ ಒಂದು ಆದೇಶದ ಚಿತ್ರ ಬಂದರೆ ಮೇಲಿನ ಸಾಲಿನಿಂದ ಓದಬೇಡಿ, ಕೊನೆಯಿಂದ ಓದಿ. ಕೆಳಗೆ ಸಹಿ ಯಾರದು? ಕೊಪ್ಪಳ ಜಿಲ್ಲಾಧಿಕಾರಿಯದೋ ಆಚೆ ದಡದವರದೋ? ಆಮೇಲೆ ಮೇಲೆ ಹೋಗಿ ಆದೇಶ ಸಂಖ್ಯೆ, ತಾರೀಖು ನೋಡಿ. ಎಂದಿನಿಂದ ಎಂದಿನವರೆಗೆ ಎಂದು ಬರೆದಿದೆಯೇ ನೋಡಿ. ಹಳೆಯ ಆದೇಶ ತಿಂಗಳುಗಟ್ಟಲೆ ಸುತ್ತುತ್ತಲೇ ಇರುತ್ತದೆ. ತಾರೀಖಿನ ಭಾಗ ಕತ್ತರಿಸಿ ಹೋಗಿದ್ದರೆ ಅದನ್ನು ಮುಂದಕ್ಕೆ ಕಳಿಸಬೇಡಿ. ಸರಿಯಾದ ಆದೇಶ ತಲುಪಬೇಕಾದವರಿಗೆ ತಲುಪುವುದೂ ಅಷ್ಟೇ ಮುಖ್ಯ. ಹುಲಿಗೆಮ್ಮನ ಗುಡಿ ನಮ್ಮ ಪಕ್ಕದಲ್ಲೇ ಇದೆ. ಮಂಗಳವಾರ, ಶುಕ್ರವಾರ, ಹುಣ್ಣಿಮೆಗೆ ಬಳ್ಳಾರಿ, ರಾಯಚೂರು ಜಿಲ್ಲೆಗಳಿಂದ, ಆಂಧ್ರದಿಂದ ಭಕ್ತರು ಬರುವ ಜಾಗ. ಕೋವಿಡ್ ಕಾಲದಲ್ಲಿ ಅಲ್ಲಿ ದರ್ಶನ ನಿಂತಿದ್ದುಂಟು. ಅಂಥ ಆದೇಶ ಹೊರಡುವುದು ಕೊಪ್ಪಳದಿಂದ. ತಿಳಿಯಬೇಕಾದವರು ಇರುವುದು ಹೊರಗಿನ ಜಿಲ್ಲೆಗಳಲ್ಲಿ, ಹೊರರಾಜ್ಯದಲ್ಲಿ. ಅಂಥ ಹೊತ್ತಿನಲ್ಲಿ ಆಚೆ ಊರಿನ ನೆಂಟರಿಗೆ ನೀವು ಮಾಡುವ ಒಂದು ಫೋನು ಸರ್ಕಾರದ ಪ್ರಕಟಣೆಗಿಂತ ಹೆಚ್ಚು ಕೆಲಸ ಮಾಡುತ್ತದೆ.

ಎರಡನೆಯ ಪ್ರಶ್ನೆ ಅಂಕಿಯದು. ಇಲ್ಲಿ ಸ್ವಲ್ಪ ಹೊತ್ತು ನಿಲ್ಲೋಣ, ಜನ ಅತಿ ಹೆಚ್ಚು ಗಾಬರಿಯಾದದ್ದೂ ಅತಿ ಹೆಚ್ಚು ಮೈಮರೆತದ್ದೂ ಅಂಕಿಗಳನ್ನು ನೋಡಿಯೇ.

ರಾಜ್ಯ ಆರೋಗ್ಯ ಇಲಾಖೆ ದಿನಾ ಸಂಜೆ ಕೋವಿಡ್ ಬುಲೆಟಿನ್ ಹೊರಡಿಸುತ್ತಿತ್ತು. ಕರ್ನಾಟಕದ ಮೊದಲ ಪ್ರಕರಣ ಗೊತ್ತಾದದ್ದು 2020ರ ಮಾರ್ಚ್ 9ರಂದು ಬೆಂಗಳೂರಿನಲ್ಲಿ. ಅದಾದ ಮರುದಿನ ಕಲಬುರಗಿಯ 76 ವರ್ಷದ ಹಿರಿಯರೊಬ್ಬರು ತೀರಿಕೊಂಡರು. ದೇಶದ ಮೊದಲ ಕೋವಿಡ್ ಸಾವು ಅದು ಎಂದು ಎರಡು ದಿನದ ಮೇಲೆ ಖಚಿತವಾಯಿತು. ಸಾವು ಆದ ದಿನ ಬೇರೆ, ಅದು ಪಟ್ಟಿಗೆ ಬಂದ ದಿನ ಬೇರೆ. ಈ ಅಂತರ ಎರಡು ವರ್ಷವೂ ಹಾಗೇ ಇತ್ತು. ಬುಲೆಟಿನ್‌ನಲ್ಲಿ ‘ಇಂದಿನ ಸಾವು’ ಎಂದರೆ ಇಂದು ವರದಿಯಾದ ಸಾವು ಎಂದು ಓದಿಕೊಳ್ಳಬೇಕು.

ಪಟ್ಟಿಯಲ್ಲಿ ಕೊಪ್ಪಳದ ಸಾಲು ಏಪ್ರಿಲ್ ತಿಂಗಳಿಡೀ ಸೊನ್ನೆ. ಮೇ 1ರ ಕೇಂದ್ರದ ವಿಂಗಡಣೆಯಲ್ಲಿ ಕೊಪ್ಪಳ ಹಸಿರು ವಲಯ. ಜನ ನೆಮ್ಮದಿಪಟ್ಟರು, ಪಡಬಾರದೆಂದೇನೂ ಇರಲಿಲ್ಲ. ಆದರೆ ಆ ಸೊನ್ನೆ ಏನು ಹೇಳುತ್ತಿತ್ತು? ಪರೀಕ್ಷೆ ಮಾಡಿದವರಲ್ಲಿ ರೋಗ ಕಂಡಿಲ್ಲ ಎಂದಷ್ಟೇ. ಆರಂಭದಲ್ಲಿ ಜಿಲ್ಲೆಯೊಳಗೆ ಆರ್‌ಟಿಪಿಸಿಆರ್ ಪ್ರಯೋಗಾಲಯ ಇರಲಿಲ್ಲ, ಗಂಟಲು ದ್ರವದ ಮಾದರಿ ಐಸ್ ಪೆಟ್ಟಿಗೆಯಲ್ಲಿ ಹೊರಜಿಲ್ಲೆಗೆ ಹೋಗಬೇಕಿತ್ತು. ಕುಷ್ಟಗಿ, ಯಲಬುರ್ಗಾ ಕಡೆಯಿಂದ ಗುಳೆ ಹೋದವರು ಬೆಂಗಳೂರು, ಮಂಗಳೂರು, ಗೋವಾ, ಮುಂಬೈಗಳಿಂದ ಮರಳತೊಡಗಿದರು. ಹೊರರಾಜ್ಯದಿಂದ ಬಂದವರನ್ನು ಹಾಸ್ಟೆಲ್, ಶಾಲೆಗಳಲ್ಲಿ ಇಳಿಸಿ ಪರೀಕ್ಷೆ ಮಾಡಿದರು. ಮೇ ತಿಂಗಳಲ್ಲೇ ಆ ಸೊನ್ನೆ ಅಳಿಯಿತು.

ವೈರಸ್ ಮೈ ಸೇರಿದ ಮೇಲೆ ಲಕ್ಷಣ ಕಾಣಲು ಸಾಮಾನ್ಯವಾಗಿ ನಾಲ್ಕೈದು ದಿನ, ಹೆಚ್ಚೆಂದರೆ ಹದಿನಾಲ್ಕು. ಆಮೇಲೆ ಪರೀಕ್ಷೆ, ಆಮೇಲೆ ಫಲಿತಾಂಶ, ಆಮೇಲೆ ಪಟ್ಟಿ. ಎಡದಂಡೆ ಕಾಲುವೆಗೆ ಇಲ್ಲಿ ಬಿಟ್ಟ ನೀರು ಕೊನೆಯ ರೈತನ ಹೊಲ ಮುಟ್ಟಲು ದಿನಗಳು ಹಿಡಿಯುವಂತೆ, ಇಂದಿನ ಬುಲೆಟಿನ್‌ನಲ್ಲಿ ಕಾಣುವುದು ವಾರ ಹತ್ತು ದಿನ ಹಿಂದಿನ ಸೋಂಕು. ಇಂದು ಅಂಕಿ ಇಳಿದಿದೆ ಎಂದು ಇಂದೇ ಮದುವೆಗೆ ಐನೂರು ಜನ ಕರೆಯುವುದು ಅದಕ್ಕಾಗಿಯೇ ಅಪಾಯ.

ಪ್ರಕರಣಗಳ ಸಂಖ್ಯೆಗಿಂತ ಉಪಯುಕ್ತವಾದ ಇನ್ನೊಂದು ಅಂಕಿ ಇದೆ, ಪಾಸಿಟಿವಿಟಿ ದರ. ಇನ್ನೂರು ಜನರನ್ನು ಪರೀಕ್ಷಿಸಿ ಹತ್ತು ಮಂದಿಗೆ ಸೋಂಕು ಕಂಡರೆ ದರ ಶೇ 5. ನಾಳೆ ಐವತ್ತೇ ಜನರನ್ನು ಪರೀಕ್ಷಿಸಿ ಹತ್ತೇ ಮಂದಿಗೆ ಕಂಡರೆ ಪ್ರಕರಣ ಅಷ್ಟೇ, ದರ ಶೇ 20. ಎರಡನೆಯ ದಿನ ಪರಿಸ್ಥಿತಿ ಕೆಟ್ಟಿರಬಹುದು, ನಾವು ಹುಡುಕುವುದನ್ನು ಮಾತ್ರ ಕಡಿಮೆ ಮಾಡಿದ್ದೇವೆ. ದರ ಸತತ ಎರಡು ವಾರ ಶೇ 5ಕ್ಕಿಂತ ಕೆಳಗಿದ್ದರೆ ನಿರ್ಬಂಧ ಸಡಿಲಿಸಲು ಯೋಚಿಸಬಹುದು ಎಂದು ವಿಶ್ವ ಆರೋಗ್ಯ ಸಂಸ್ಥೆ 2020ರ ಮೇ ತಿಂಗಳಲ್ಲಿ ಹೇಳಿತ್ತು. ಪಂಚಾಯಿತಿ ಸಭೆಯಲ್ಲಿ ಕೇಳಬೇಕಾದದ್ದು ಇದು: ಈ ವಾರ ನಮ್ಮೂರಲ್ಲಿ ಎಷ್ಟು ಪರೀಕ್ಷೆ ಆಯಿತು? ಎಷ್ಟು ಪಾಸಿಟಿವ್ ಬಂತು ಎಂದು ಎಲ್ಲರೂ ಕೇಳುತ್ತಾರೆ. ಮೊದಲ ಪ್ರಶ್ನೆಯ ಉತ್ತರ ಇಲ್ಲದೆ ಎರಡನೆಯದಕ್ಕೆ ಅರ್ಥವಿಲ್ಲ.

ಪಟ್ಟಿಗೆ ಸಿಗದ ಸೋಂಕು ಎಷ್ಟಿರಬಹುದು? ಕರ್ನಾಟಕ ಇದನ್ನು ಅಳೆದಿತ್ತು. 2020ರ ಸೆಪ್ಟೆಂಬರ್‌ನಲ್ಲಿ ರಾಜ್ಯದಾದ್ಯಂತ ರಕ್ತ ಪರೀಕ್ಷೆಯ ಸಮೀಕ್ಷೆ ನಡೆಯಿತು. ಶೇ 27.3ರಷ್ಟು ಜನರಿಗೆ ಆಗಲೇ ಸೋಂಕು ತಗುಲಿತ್ತು, ಅಂದರೆ ಸುಮಾರು 1.93 ಕೋಟಿ ಮಂದಿಗೆ. ಅದೇ ಹೊತ್ತಿಗೆ ಬುಲೆಟಿನ್ ತೋರಿಸುತ್ತಿದ್ದುದು ಐದು ಲಕ್ಷದೊಳಗೆ. ಪಟ್ಟಿಯ ಒಬ್ಬರ ಹಿಂದೆ ಕಾಣದ ಹತ್ತಿರ ಹತ್ತಿರ ನಲವತ್ತು ಮಂದಿ. ಇದರಲ್ಲಿ ಸರ್ಕಾರ ಮುಚ್ಚಿಟ್ಟದ್ದು ಎಂಬ ಆರೋಪಕ್ಕೆ ಹೋಗಬೇಕಾಗಿಲ್ಲ. ಬಹುಪಾಲು ಜನರಿಗೆ ಲಕ್ಷಣವೇ ಇರಲಿಲ್ಲ, ಅವರು ಪರೀಕ್ಷೆಗೇ ಹೋಗಲಿಲ್ಲ. ಬುಲೆಟಿನ್ ಎಂದರೆ ಪರೀಕ್ಷೆಗಳ ದಾಖಲೆ ಪುಸ್ತಕ ಎಂದು ತಿಳಿದು ಓದಿದರೆ ಅದು ನಿಮಗೆ ಮೋಸ ಮಾಡುವುದಿಲ್ಲ.

‘ಬಿಡುಗಡೆ’ ಎಂಬ ಅಂಕಣಕ್ಕೂ ಹೀಗೇ. ಮೊದಲು ಎರಡು ಸಲ ನೆಗೆಟಿವ್ ಬಂದರೆ ಮಾತ್ರ ಮನೆಗೆ ಕಳಿಸುತ್ತಿದ್ದರು. 2020ರ ಮೇ 8ರ ನಿಯಮದ ನಂತರ ಸೌಮ್ಯ ಲಕ್ಷಣದವರನ್ನು ಹತ್ತು ದಿನದ ಮೇಲೆ, ಕೊನೆಯ ಮೂರು ದಿನ ಜ್ವರ ಇಲ್ಲದಿದ್ದರೆ, ಪರೀಕ್ಷೆಯಿಲ್ಲದೆ ಬಿಡತೊಡಗಿದರು.

ಅಂಕಿಯ ಹಿಂದೆ ಮನುಷ್ಯರಿದ್ದಾರೆ. ಮೊದಮೊದಲು ಬುಲೆಟಿನ್‌ನಲ್ಲಿ ಪ್ರತಿ ರೋಗಿಗೂ ‘ಪಿ’ ಅಕ್ಷರದ ಮುಂದೆ ಒಂದು ಸಂಖ್ಯೆ, ವಯಸ್ಸು, ಊರು, ಯಾರ ಸಂಪರ್ಕದಿಂದ ಬಂತು ಎಂಬ ವಿವರ ಇರುತ್ತಿತ್ತು. ಹೆಸರಿಲ್ಲದಿದ್ದರೂ ಸಣ್ಣ ಊರಿನಲ್ಲಿ ‘34 ವರ್ಷದ ಪುರುಷ, ಮುಂಬೈ ಪ್ರಯಾಣ’ ಎಂದರೆ ಕಟ್ಟೆಯ ಮೇಲೆ ಕೂತವರಿಗೆಲ್ಲ ಯಾರೆಂದು ಗೊತ್ತಾಗಿಬಿಡುತ್ತದೆ. 2020ರ ಮಾರ್ಚ್‌ನಲ್ಲಿ ಕ್ವಾರಂಟೈನ್‌ನಲ್ಲಿದ್ದವರ ವಿಳಾಸಗಳ ಪಟ್ಟಿಯನ್ನೇ ರಾಜ್ಯ ಸರ್ಕಾರ ಹೊರಗೆ ಬಿಟ್ಟಿತ್ತು. ಅದು ತಪ್ಪು ಎಂದು ನಾನು ಆಗಲೂ ನಂಬಿದ್ದೆ, ಈಗಲೂ ನಂಬುತ್ತೇನೆ. ಹೆಸರು ಬಯಲಾದೀತೆಂದು ಹೆದರಿದವರು ಜ್ವರವನ್ನು ಮುಚ್ಚಿಡುತ್ತಾರೆ, ಮುಚ್ಚಿಟ್ಟ ಜ್ವರ ಮನೆಮಂದಿಗೆಲ್ಲ ಹರಡುತ್ತದೆ. ಮನೆ ಬಾಗಿಲಿಗೆ ಪೋಸ್ಟರ್ ಅಂಟಿಸುವುದು ಸಕ್ಷಮ ಪ್ರಾಧಿಕಾರದ ನಿರ್ದಿಷ್ಟ ಆದೇಶವಿಲ್ಲದೆ ಕೂಡದು ಎಂದು ಸುಪ್ರೀಂ ಕೋರ್ಟ್ 2020ರ ಡಿಸೆಂಬರ್ 9ರಂದು ಹೇಳಿತು. ಸ್ವಯಂಸೇವಕರು ಇದನ್ನು ಮನಸ್ಸಿನಲ್ಲಿಟ್ಟುಕೊಳ್ಳಿ. ಯಾರ ಮನೆಯಲ್ಲಿ ರೋಗವಿದೆ ಎಂಬುದು ನಿಮಗೆ ಕೆಲಸದ ಸಲುವಾಗಿ ಗೊತ್ತಾಗುತ್ತದೆ. ಆ ಮಾತು ನಿಮ್ಮ ಬಾಯಿಂದ ಹೊರಗೆ ಬರಬಾರದು.

ಇನ್ನು ಮೂರನೆಯದು, ಕಷ್ಟ ಬಂದರೆ ಎಲ್ಲಿಗೆ ಹೋಗಬೇಕೆಂಬುದು.

ಸರ್ಕಾರಿ ಆರೋಗ್ಯ ವ್ಯವಸ್ಥೆಯ ಲೆಕ್ಕ ಹೀಗಿದೆ. ಸಾವಿರ ಜನಕ್ಕೆ ಒಬ್ಬ ಆಶಾ, ಐದು ಸಾವಿರಕ್ಕೆ ಒಂದು ಉಪಕೇಂದ್ರ, ಮೂವತ್ತು ಸಾವಿರಕ್ಕೆ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರ, ಅದರ ಮೇಲೆ ಸಮುದಾಯ ಆರೋಗ್ಯ ಕೇಂದ್ರ, ತಾಲ್ಲೂಕು ಆಸ್ಪತ್ರೆ, ಜಿಲ್ಲಾ ಆಸ್ಪತ್ರೆ. ಜಿಲ್ಲಾ ಮಟ್ಟದಲ್ಲಿ ನಮಗೆ ಕೊಪ್ಪಳ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ. ಕೋವಿಡ್ ಕಾಲದಲ್ಲಿ ಇದರ ಮೇಲೆ ಇನ್ನೊಂದು ವಿಂಗಡಣೆ ಬಂತು. ಸೌಮ್ಯ ಲಕ್ಷಣದವರಿಗೆ ಹಾಸ್ಟೆಲ್‌ಗಳಲ್ಲಿ ಕೋವಿಡ್ ಕೇರ್ ಸೆಂಟರ್, ಆಮ್ಲಜನಕ ಬೇಕಾದವರಿಗೆ ಕೋವಿಡ್ ಆರೋಗ್ಯ ಕೇಂದ್ರ, ತೀವ್ರವಾದವರಿಗೆ ಕೋವಿಡ್ ಆಸ್ಪತ್ರೆ. ಎಲ್ಲರೂ ನೇರವಾಗಿ ದೊಡ್ಡ ಆಸ್ಪತ್ರೆಗೆ ಓಡಿದರೆ ನಿಜವಾಗಿ ಉಸಿರಾಡಲಾಗದವರಿಗೆ ಹಾಸಿಗೆ ಸಿಗುವುದಿಲ್ಲ. ಯಾರು ಎಲ್ಲಿಗೆ ಎಂದು ನಿರ್ಧರಿಸುವ ಮೊದಲ ಕೆಲಸ ನಡೆಯುತ್ತಿದ್ದುದು ಮನೆಯ ಹೊಸ್ತಿಲಲ್ಲೇ.

ಅದನ್ನು ಹತ್ತಿರದಿಂದ ನೋಡಿ. ಆಶಾ ಕಾರ್ಯಕರ್ತೆ ಬಾಗಿಲಲ್ಲೇ ನಿಂತು, ಚೀಲದಿಂದ ಬೆರಳಿಗೆ ಸಿಕ್ಕಿಸುವ ಪುಟ್ಟ ಆಕ್ಸಿಮೀಟರ್ ತೆಗೆಯುತ್ತಾಳೆ. “ಯವ್ವಾ, ಬೆರಳು ಕೊಡ್ರಿ. ಮಾತಾಡಬ್ಯಾಡ್ರಿ, ಸುಮ್ನ ಕುಂದರ್ರಿ.” ಬೆರಳಿಗೆ ಮದರಂಗಿ ಅಥವಾ ಉಗುರುಬಣ್ಣ ಇದ್ದರೆ ಬೇರೆ ಬೆರಳು. ಪಾತ್ರೆ ತಿಕ್ಕಿ ಬಂದ ಕೈ ತಣ್ಣಗಿದ್ದರೆ ಉಜ್ಜಿ ಬೆಚ್ಚಗೆ ಮಾಡಿಕೊಳ್ಳಬೇಕು. ಮೊದಲು ಅಂಕಿ ಅತ್ತಿತ್ತ ಕುಣಿಯುತ್ತದೆ. ನಿಲ್ಲುವವರೆಗೆ ಕಾಯಬೇಕು, ಕುಣಿಯುವಾಗಲೇ ಬರೆದುಕೊಳ್ಳುವುದು ಹೊಸಬರು ಮಾಡುವ ತಪ್ಪು. ಪರದೆಯ ಮೇಲೆ ಎರಡು ಅಂಕಿ ಇರುತ್ತವೆ, ಒಂದು ರಕ್ತದಲ್ಲಿನ ಆಮ್ಲಜನಕ, ಇನ್ನೊಂದು ನಾಡಿ. ಇವೆರಡನ್ನು ಅದಲುಬದಲು ಓದಿದರೆ ಚೆನ್ನಾಗಿರುವವರು ಗಾಬರಿಯಾಗುತ್ತಾರೆ, ಗಾಬರಿಯಾಗಬೇಕಾದವರು ಮನೆಯಲ್ಲೇ ಉಳಿಯುತ್ತಾರೆ. ಆಮ್ಲಜನಕ 94 ಅಥವಾ ಮೇಲಿದ್ದರೆ ಮನೆಯಲ್ಲಿ ಆರೈಕೆ ಸಾಕು. 90ರಿಂದ 93 ಇದ್ದರೆ ದವಾಖಾನೆ. 90ಕ್ಕಿಂತ ಕಡಿಮೆಯಾದರೆ ತಡ ಮಾಡುವಂತಿಲ್ಲ. ಆರು ನಿಮಿಷ ಮನೆಯೊಳಗೇ ನಡೆದಾಡಿಸಿ ಮತ್ತೆ ನೋಡಿದಾಗ ಅಂಕಿ ಕುಸಿದರೆ ಅದೂ ಎಚ್ಚರಿಕೆಯೇ.

ಈ ಕೆಲಸ ಮಾಡಿದ ಹೆಣ್ಣುಮಕ್ಕಳು ತಿಂಗಳಿಗೆ 12,000 ರೂಪಾಯಿ ನಿಗದಿತ ಗೌರವಧನ, ಸರಿಯಾದ ಮಾಸ್ಕು ಗ್ಲೌಸು ಕೊಡಿ ಎಂದು 2020ರ ಜುಲೈಯಲ್ಲಿ ರಾಜ್ಯದಾದ್ಯಂತ ಕೆಲಸ ನಿಲ್ಲಿಸಬೇಕಾಯಿತು. ಅವರನ್ನು ಯೋಧರೆಂದು ಹೊಗಳಿ ಚಪ್ಪಾಳೆ ತಟ್ಟಿದ್ದು ಮಾರ್ಚ್‌ನಲ್ಲಿ. ನಿಮ್ಮ ಪಂಚಾಯಿತಿಯ ಕಾರ್ಯಪಡೆ ಎಷ್ಟೇ ಚುರುಕಾಗಿರಲಿ, ಮನೆಮನೆಯ ಮಾಹಿತಿ ನಿಂತಿರುವುದು ಈಕೆಯ ನೋಟ್‌ಬುಕ್ಕಿನ ಮೇಲೆ. ಸಭೆಯಲ್ಲಿ ಆಕೆಗೆ ಕುರ್ಚಿ ಹಾಕಿ, ಮೊದಲು ಮಾತಾಡಲು ಬಿಡಿ.

ಫೋನಿನ ದಾರಿಗಳೂ ಇದ್ದವು. 104 ಆರೋಗ್ಯ ಸಹಾಯವಾಣಿ, 108 ಆಂಬುಲೆನ್ಸ್. 2020ರ ಏಪ್ರಿಲ್‌ನಲ್ಲಿ ಶುರುವಾದ ‘ಆಪ್ತಮಿತ್ರ’ಕ್ಕೆ 14410. ಖಾಸಗಿ ಆಸ್ಪತ್ರೆಯ ಖರ್ಚಿನ ವಿಷಯದಲ್ಲಿ ಬಹಳ ಮನೆಗಳಿಗೆ ಗೊತ್ತಿಲ್ಲದೇ ಹೋದ ಸಂಗತಿ ಒಂದಿದೆ. ಸರ್ಕಾರವೇ ಶಿಫಾರಸು ಮಾಡಿ ಖಾಸಗಿಗೆ ಕಳಿಸಿದರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಡಿ ಬಿಲ್ಲನ್ನು ಸರ್ಕಾರ ಕಟ್ಟುತ್ತಿತ್ತು. 2020ರ ಜೂನ್‌ನಲ್ಲಿ ನಿಗದಿಯಾದ ದರ ಸಾಮಾನ್ಯ ವಾರ್ಡಿಗೆ ದಿನಕ್ಕೆ 5,200 ರೂಪಾಯಿ, ವೆಂಟಿಲೇಟರ್ ಸಹಿತ ಐಸಿಯುಗೆ 10,000. ತಾವಾಗಿ ಹೋಗಿ ಸೇರಿದವರಿಗೆ ಬೇರೆ ದರ, ವೆಂಟಿಲೇಟರ್ ಇದ್ದರೆ ದಿನಕ್ಕೆ 25,000ದವರೆಗೆ. ನಡುವಿನ ವ್ಯತ್ಯಾಸ ಒಂದು ಶಿಫಾರಸು ಚೀಟಿ. ಅವಸರದಲ್ಲಿ ಗಾಡಿ ಹತ್ತುವ ಮೊದಲು ಆ ಚೀಟಿ ಕೇಳಿದ ಮನೆಯವರ ಹೊಲ ಉಳಿಯಿತು.

2021ರ ಏಪ್ರಿಲ್, ಮೇ ತಿಂಗಳ ಎರಡನೆಯ ಅಲೆಯಲ್ಲಿ ಹಾಸಿಗೆಗಿಂತ ಆಮ್ಲಜನಕದ ಚಿಂತೆ ದೊಡ್ಡದಾಯಿತು. ಹೊಸಪೇಟೆಯಾಚೆಯ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯಿಂದ ರಾಜ್ಯಕ್ಕೂ ಹೊರರಾಜ್ಯಕ್ಕೂ ಟ್ಯಾಂಕರುಗಳು ಹೊರಟವು. ಕಾರ್ಖಾನೆಯ ಪಕ್ಕದಲ್ಲೇ ಸಾವಿರ ಹಾಸಿಗೆಯ ತಾತ್ಕಾಲಿಕ ಆಸ್ಪತ್ರೆ ಎದ್ದಿತು. ಕೊಪ್ಪಳದ ಗವಿಮಠವೂ ತನ್ನ ಕಟ್ಟಡವನ್ನು ಕೋವಿಡ್ ಚಿಕಿತ್ಸೆಗೆ ಬಿಟ್ಟುಕೊಟ್ಟಿತು. ಮುನಿರಾಬಾದಿನವರು ಎರಡೂ ದಡದ ಸೌಲಭ್ಯವನ್ನು ತಿಳಿದಿರಬೇಕು ಎನ್ನುವುದು ಇದಕ್ಕೇ. ತುರ್ತು ಚಿಕಿತ್ಸೆಗೆ ಜಿಲ್ಲೆಯ ಗಡಿ ಅಡ್ಡ ಬರಬಾರದು. ಆದರೆ ಆಚೆ ದಡದಲ್ಲಿ ಪರೀಕ್ಷೆ ಮಾಡಿಸಿಕೊಂಡರೆ ಫಾರ್ಮಿನಲ್ಲಿ ಸ್ವಂತ ಊರಿನ ವಿಳಾಸವನ್ನೇ ಬರೆಸಿ, ಫಲಿತಾಂಶವನ್ನು ನಮ್ಮೂರ ಆಶಾಗೆ ತಿಳಿಸಿ. ಇಲ್ಲದಿದ್ದರೆ ಮನೆಮಂದಿಯ ಪರೀಕ್ಷೆಗೆ ಯಾರೂ ಬರುವುದಿಲ್ಲ.

ಲಸಿಕೆಯ ಕತೆ ಚಿಕ್ಕದು. 2021ರ ಜನವರಿ 16ರಂದು ಆರೋಗ್ಯ ಸಿಬ್ಬಂದಿಯಿಂದ ಶುರುವಾಗಿ, ಮಾರ್ಚ್ 1ಕ್ಕೆ ಅರವತ್ತು ದಾಟಿದವರು, ಏಪ್ರಿಲ್ 1ಕ್ಕೆ ನಲವತ್ತೈದು ದಾಟಿದವರು, ಮೇ 1ಕ್ಕೆ ಹದಿನೆಂಟು ದಾಟಿದವರು. ಲಸಿಕೆಯ ಕೋವಿನ್ ಪೋರ್ಟಲ್‌ನಲ್ಲಿ ಹೆಸರು ಹಚ್ಚಲು ಸ್ಮಾರ್ಟ್‌ಫೋನ್ ಬೇಕಿತ್ತು, ಬೆರಳು ಚುರುಕಿರುವವರು ದೂರದಿಂದಲೇ ಹಳ್ಳಿಯ ಸ್ಲಾಟ್ ಹಿಡಿದರು. ಮುಂದೆ ನೇರವಾಗಿ ಬಂದವರಿಗೂ ಹಾಕತೊಡಗಿದ ಮೇಲೆ, ಜೂನ್ 21ರಿಂದ ಎಲ್ಲ ವಯಸ್ಕರಿಗೂ ಕೇಂದ್ರವೇ ಉಚಿತವಾಗಿ ಕೊಟ್ಟ ಮೇಲೆ ಹಳ್ಳಿ ಜನಕ್ಕೆ ದಾರಿ ಸಲೀಸಾಯಿತು. ಸೂಜಿ ಮಾಡಿಸಿಕೊಂಡರೆ ಮಕ್ಕಳಾಗುವುದಿಲ್ಲ ಎಂಬಂಥ ಸುಳ್ಳನ್ನು ಅಳಿಸಿದ್ದು ಪೋಸ್ಟರ್ ಅಲ್ಲ. ತಾನೇ ಮೊದಲು ಹಾಕಿಸಿಕೊಂಡು ಮರುದಿನ ಅದೇ ಓಣಿಗೆ ನಡೆದುಬಂದ ನರ್ಸಕ್ಕನನ್ನು ಕಂಡು ಜನ ನಂಬಿದರು.

ಕಾಗದಪತ್ರದ ಮಾತನ್ನು ಹೇಳದೆ ಬಿಡಲಾರೆ, ಅದರಿಂದ ನೊಂದ ಮನೆಗಳು ಬಹಳ. ಪರೀಕ್ಷೆಯ ಫಲಿತಾಂಶ, ಆಸ್ಪತ್ರೆಯ ಬಿಡುಗಡೆ ಚೀಟಿ ಎರಡನ್ನೂ ಜೋಪಾನವಾಗಿಡಿ. ಮರಣವನ್ನು 21 ದಿನದೊಳಗೆ ನೋಂದಾಯಿಸಿ. ಪಾಸಿಟಿವ್ ಬಂದ 30 ದಿನದೊಳಗೆ ತೀರಿಕೊಂಡರೆ, ಮನೆಯಲ್ಲೇ ತೀರಿಕೊಂಡರೂ, ಕೋವಿಡ್ ಸಾವೆಂದೇ ಪರಿಗಣಿಸಬೇಕು ಎಂದು 2021ರ ಸೆಪ್ಟೆಂಬರ್‌ನಲ್ಲಿ ಕೇಂದ್ರ ಹೇಳಿತು. ಅಂಥ ಕುಟುಂಬಕ್ಕೆ ಆಗ 50,000 ರೂಪಾಯಿ ಪರಿಹಾರ ಸಿಗುತ್ತಿತ್ತು. ದುಡಿಯುವವರನ್ನು ಕಳೆದುಕೊಂಡ ಬಿಪಿಎಲ್ ಕುಟುಂಬಕ್ಕೆ ರಾಜ್ಯದಿಂದ ಒಂದು ಲಕ್ಷ ಇತ್ತು. ದುಃಖದಲ್ಲಿ ಕಾಗದ ಹುಡುಕಲು ಯಾರಿಗೂ ಮನಸ್ಸಾಗುವುದಿಲ್ಲ. ಆ ಮನೆಗೆ ಹೋಗಿ, ಪಕ್ಕದಲ್ಲಿ ಕೂತು, ಫೈಲು ಮಾಡಿಕೊಡುವ ಒಬ್ಬರು ಪ್ರತಿ ವಾರ್ಡಿನಲ್ಲೂ ಬೇಕು.

ವಿಶ್ವ ಆರೋಗ್ಯ ಸಂಸ್ಥೆ 2023ರ ಮೇ 5ರಂದು ಕೋವಿಡ್‌ನ ಜಾಗತಿಕ ತುರ್ತುಸ್ಥಿತಿ ಮುಗಿಯಿತೆಂದು ಸಾರಿತು. ಮರುತಿಂಗಳೇ ನಮ್ಮ ಜಿಲ್ಲೆಯ ಕನಕಗಿರಿ ತಾಲ್ಲೂಕಿನ ಬಸರಿಹಾಳ, ಕುಷ್ಟಗಿ ತಾಲ್ಲೂಕಿನ ಬಿಜಕಲ್‌ನಲ್ಲಿ ಕಲುಷಿತ ನೀರಿನಿಂದ ವಾಂತಿಭೇದಿ ಹಬ್ಬಿ ಜೀವಗಳು ಹೋದವು. ಕಾಯಿಲೆ ಬೇರೆ, ಆದರೆ ಸುದ್ದಿ ಹತ್ತಿ ಇಳಿಯುವ ಮೆಟ್ಟಿಲು ಅವೇ: ಆಶಾ, ಉಪಕೇಂದ್ರ, ಆರೋಗ್ಯ ಕೇಂದ್ರ, ತಾಲ್ಲೂಕು, ಜಿಲ್ಲೆ. ಒಂದೇ ಓಣಿಯಲ್ಲಿ ಒಂದೇ ದಿನ ಮೂರ್ನಾಲ್ಕು ಮಂದಿಗೆ ಭೇದಿ ಆದರೆ ಅಂದೇ ಹೇಳಿ, ನಾಳೆಗೆ ಕಾಯಬೇಡಿ. ಪೈಪು ಒಡೆದದ್ದು ಚರಂಡಿಯ ಪಕ್ಕದಲ್ಲೋ ಎಂದು ಪಂಚಾಯಿತಿಯ ನೀರುಗಂಟಿಯನ್ನು ಕರೆದುಕೊಂಡು ಹೋಗಿ ನೋಡಿ.

ಗುರುವಾರ ಮಕ್ಕಳಿಗೆ ಸೂಜಿ ಹಾಕುವ ದಿನ. ನಿಮ್ಮ ಓಣಿಯ ಅಂಗನವಾಡಿಗೆ ಬರುವ ಆಶಾ ಮತ್ತು ನರ್ಸಕ್ಕನನ್ನು ಅಂದು ಕಂಡು, ನಿಮ್ಮ ಮನೆ ಯಾರ ಪಾಲಿಗೆ ಬರುತ್ತದೆ ಎಂದು ಕೇಳಿ. ಹೊಸದಾಗಿ ಬಂದ ಬಾಡಿಗೆ ಮನೆಗಳು ಎಷ್ಟೋ ಸಲ ಯಾರ ನೋಟ್‌ಬುಕ್ಕಿನಲ್ಲೂ ಇರುವುದಿಲ್ಲ. ಹೆಸರು ಬರೆಸಿಯೇ ಬನ್ನಿ.